ಟಿವಿ ಲೈಸೆನ್ಸ್ ಕಟ್ಟಬೇಕಾ? ಬ್ರಿಟನ್ನಿಗೆ ಹೊಸದಾಗಿ ಬಂದವರಿಗೆ

ಬಾಡಿಗೆ ಮನೆಗೆ ಸೇರಿ ಹಾಲುಕ್ಕಿಸಿ ಇನ್ನೂ ತಿಂಗಳಾಗಿರುವುದಿಲ್ಲ, ಬಾಗಿಲ ಸಂದಿಯಿಂದ ಒಂದು ಪತ್ರ ಬಂದು ಬೀಳುತ್ತದೆ. ಮೇಲೆ ನಿಮ್ಮ ಹೆಸರಿರುವುದಿಲ್ಲ. 'ಲೀಗಲ್ ಆಕ್ಯುಪೈಯರ್', ಅಂದರೆ ಈ ಮನೆಯಲ್ಲಿ ಕಾನೂನುಬದ್ಧವಾಗಿ ವಾಸವಿರುವವರು, ಅಂತಿರುತ್ತದೆ. ಈ ವಿಳಾಸಕ್ಕೆ ಟಿವಿ ಲೈಸೆನ್ಸ್ ಇಲ್ಲ, ತನಿಖೆ ಮಾಡುತ್ತೇವೆ, ಕೋರ್ಟು, ದಂಡ ಅಂತೆಲ್ಲ ಒಳಗೆ. ಓದಿ ಗಾಬರಿಯಾಗಿ ನನಗೆ ಫೋನ್ ಮಾಡಿದವರು ಒಬ್ಬಿಬ್ಬರಲ್ಲ. ಮೊದಲು ಒಂದು ಲೋಟ ಕಾಫಿ ಕುಡಿಯಿರಿ. ಲೈಸೆನ್ಸ್ ಇಲ್ಲದ ಎಲ್ಲ ಮನೆಗೂ ಹೋಗುವ ಪತ್ರ ಅದು. ನೀವು ತಪ್ಪು ಮಾಡಿದ್ದೀರಿ ಅಂತ ಯಾರೂ ಕಂಡುಹಿಡಿದಿಲ್ಲ.

ಹಾಗಂತ ಕಸದ ಬುಟ್ಟಿಗೂ ಹಾಕಬೇಡಿ.

ಟಿವಿಗೆ ಲೈಸೆನ್ಸಾ ಅಂತ ನಗು ಬರಬಹುದು. ನಮ್ಮಲ್ಲೂ ಹಿಂದೆ ರೇಡಿಯೋ ಇಟ್ಟುಕೊಂಡವರು ಪೋಸ್ಟಾಫೀಸಿಗೆ ಹೋಗಿ ಲೈಸೆನ್ಸ್ ಹಣ ಕಟ್ಟಿ ಬರುತ್ತಿದ್ದರು. ಮನೆಯ ಹಿರಿಯರನ್ನು ಕೇಳಿ, ಆ ಪುಸ್ತಕ ನೆನಪಿರುತ್ತದೆ. ನಮ್ಮಲ್ಲಿ ಅದು ಹೋಯಿತು, ಇಲ್ಲಿ ಉಳಿದಿದೆ. ಇಲ್ಲಿ 1946ರಲ್ಲಿ ಶುರುವಾದಾಗ ವರ್ಷಕ್ಕೆ 2 ಪೌಂಡ್. 2025ರ ಏಪ್ರಿಲ್‌ನಲ್ಲಿ ಅದು 174.50 ಪೌಂಡ್ ಆಯಿತು. 2027ರ ತನಕ ಪ್ರತಿ ಏಪ್ರಿಲ್‌ನಲ್ಲೂ ಬೆಲೆಯೇರಿಕೆಗೆ ತಕ್ಕಂತೆ ಏರಿಸುವುದು ಅಂತ ಸರ್ಕಾರ ತೀರ್ಮಾನಿಸಿದೆ. ಹಾಗಾಗಿ ಕಟ್ಟುವ ದಿನ ಆ ದಿನದ ದರ ನೋಡಿಕೊಳ್ಳಿ. ಕಪ್ಪುಬಿಳುಪು ಟಿವಿಗೆ ಬೇರೆಯೇ ದರವಿದೆ, ಮೂರನೇ ಒಂದು ಭಾಗದಷ್ಟು. ನಂಬಿ, ಇದು ತಮಾಷೆಯಲ್ಲ.

ಹೊಸಬರು ಎಡವುವುದು ಇಲ್ಲೇ: ಲೈಸೆನ್ಸ್ ಬೇಕಾಗುವುದು ಟಿವಿ ಇರುವುದಕ್ಕಲ್ಲ, ನೋಡುವುದಕ್ಕೆ. ಗೋಡೆಯ ಮೇಲೆ 55 ಇಂಚಿನ ಟಿವಿ ಇದ್ದು, ಅದರಲ್ಲಿ ಬರೀ ನೆಟ್‌ಫ್ಲಿಕ್ಸ್‌ನ ಸಿನಿಮಾ, ಯೂಟ್ಯೂಬ್‌ನ ಹಳೆಯ ವಿಡಿಯೋ ನೋಡುತ್ತೀರಾದರೆ ಒಂದು ಪೆನ್ನಿಯೂ ಕೊಡಬೇಕಿಲ್ಲ. ಮನೆಯಲ್ಲಿ ಟಿವಿಯೇ ಇಲ್ಲದೆ ಫೋನಿನಲ್ಲಿ ಯಾವುದೋ ಚಾನೆಲ್ ಲೈವ್ ನೋಡುತ್ತೀರಾದರೆ ಕಟ್ಟಬೇಕು. ಪ್ರಸಾರವಾಗುತ್ತಿರುವಾಗಲೇ ನೋಡುವುದು, ಇಲ್ಲವೇ ಅದನ್ನು ರೆಕಾರ್ಡ್ ಮಾಡಿಕೊಳ್ಳುವುದು, ಇವೆರಡಕ್ಕೂ ಲೈಸೆನ್ಸ್ ಬೇಕು. ಜೊತೆಗೆ ಐಪ್ಲೇಯರ್, ಅಂದರೆ ಬಿಬಿಸಿಯ ಕಾರ್ಯಕ್ರಮ ನೋಡುವ ಆ್ಯಪ್. ಅದರಲ್ಲಿ ಹಳೆಯ ಕಾರ್ಯಕ್ರಮ ನೋಡಿದರೂ ಬೇಕು, 2016ರ ಸೆಪ್ಟೆಂಬರ್‌ನಿಂದ ಹೀಗೆ. ಬಿಬಿಸಿ ರೇಡಿಯೋ ಕೇಳುವುದಕ್ಕೆ ಬೇಡ.

"ನಾವು ಬಿಬಿಸಿ ನೋಡೋದೇ ಇಲ್ಲ, ಬರೀ ಕನ್ನಡ ಚಾನೆಲ್" ಅಂತ ವಾದ ಮಾಡುವವರಿದ್ದಾರೆ. ದುಡ್ಡು ಹೋಗುವುದು ಬಿಬಿಸಿಗೇ ಹೌದು. ಆದರೆ ಕಾನೂನು ಯಾವ ಚಾನೆಲ್ ಅಂತ ಕೇಳುವುದಿಲ್ಲ, ಯಾವ ದೇಶದ್ದು ಅಂತಲೂ ಕೇಳುವುದಿಲ್ಲ. ಇಲ್ಲಿ ಕೂತು ಉದಯ ಟಿವಿ ಲೈವ್ ನೋಡಿದರೂ ಬೇಕು. ಕನ್ನಡ ನ್ಯೂಸ್ ಚಾನೆಲ್‌ಗಳು ಯೂಟ್ಯೂಬ್‌ನಲ್ಲಿ ದಿನವಿಡೀ ಲೈವ್ ಓಡಿಸುತ್ತವಲ್ಲ, ಅದೂ ಟಿವಿ ಪ್ರಸಾರವೇ. ಚಂದನದಲ್ಲಿ ಜಂಬೂ ಸವಾರಿ ಲೈವ್ ನೋಡಿದರೆ ಬೇಕು, ಸಂಜೆ ಅದರದೇ ವಿಡಿಯೋ ಹಾಕಿಕೊಂಡು ನೋಡಿದರೆ ಬೇಡ. ಕನ್ನಡ ಸಂಘದ ರಾಜ್ಯೋತ್ಸವವನ್ನು ಯಾರೋ ತಮ್ಮ ಫೋನಿನಿಂದ ಲೈವ್ ಹಾಕಿದರೆ ಅದು ಟಿವಿ ಕಾರ್ಯಕ್ರಮವಲ್ಲ, ಚಿಂತೆ ಬೇಡ. ಕ್ರಿಕೆಟ್? ನಡೆಯುತ್ತಿರುವ ಮ್ಯಾಚ್ ಬಿಟ್ಟು ಹೈಲೈಟ್ಸ್‌ಗೆ ಕಾಯುವ ತಾಳ್ಮೆ ನಿಮಗಿದ್ದರೆ ನಿಮಗೆ ನನ್ನ ನಮಸ್ಕಾರ.

ನಮ್ಮ ಗಡಿಯಾರ ಒಂದು ಉಪಕಾರ ಮಾಡಿದೆ. ಊರಿನಲ್ಲಿ ಸಂಜೆ ಏಳರ ಧಾರಾವಾಹಿ ಇಲ್ಲಿ ಬರುವುದು ಬೇಸಿಗೆಯಲ್ಲಿ ಮಧ್ಯಾಹ್ನ ಎರಡೂವರೆಗೆ, ಚಳಿಗಾಲದಲ್ಲಿ ಒಂದೂವರೆಗೆ. ಕೆಲಸಕ್ಕೆ ಹೋಗುವವರು ಹೇಗೂ ರಾತ್ರಿ ಆ್ಯಪ್‌ನಲ್ಲಿ ಹಳೆಯ ಕಂತು ನೋಡುತ್ತಾರೆ. ಅದಕ್ಕೆ ಲೈಸೆನ್ಸ್ ಬೇಡ. ತಾಪತ್ರಯ ಶುರುವಾಗುವುದು ಅಪ್ಪ ಅಮ್ಮ ಬಂದಾಗ. ಹೊರಗೆ ಮಳೆ, ಮಾತಾಡಲು ಯಾರಿಲ್ಲ, ಇಡೀ ದಿನ ಊರಿನ ನ್ಯೂಸ್ ಲೈವ್ ಓಡುತ್ತಿರುತ್ತದೆ. "ಅವರಿಗೆ 75 ಆಯ್ತು, ಫ್ರೀ ಅಲ್ವಾ?" ಅಂತ ಕೇಳುತ್ತಾರೆ. ಅಲ್ಲ. 2020ರ ಆಗಸ್ಟ್‌ನಿಂದ 75 ದಾಟಿದವರಲ್ಲಿ ಪೆನ್ಶನ್ ಕ್ರೆಡಿಟ್ ಎಂಬ ಸರ್ಕಾರಿ ನೆರವು ಸಿಗುವ ಮನೆಗೆ ಮಾತ್ರ ಉಚಿತ. ನೋಡಲು ಬಂದ ಅಪ್ಪ ಅಮ್ಮನಿಗೆ ಅದು ಸಿಗುವುದಿಲ್ಲ. ನಾವಂತೂ ಅತ್ತೆ ಮಾವ ಬಂದಾಗ ಸುಮ್ನೆ ಕಟ್ಟಿಬಿಟ್ಟೆವು. ಅವರ ಕೈಯಿಂದ ರಿಮೋಟ್ ಕಿತ್ತುಕೊಳ್ಳುವುದಕ್ಕಿಂತ ಅದು ಅಗ್ಗ.

ಒಂದು ಮನೆಗೆ ಒಂದೇ ಲೈಸೆನ್ಸ್ ಸಾಕು, ಎಷ್ಟು ಟಿವಿ, ಫೋನ್ ಇದ್ದರೂ. ನಾಲ್ಕು ಹುಡುಗರು ಸೇರಿ ಮನೆ ಹಿಡಿದಿದ್ದರೆ ಬಾಡಿಗೆ ಕರಾರು ತೆಗೆದು ನೋಡಿ. ಎಲ್ಲರ ಹೆಸರೂ ಒಂದೇ ಕರಾರಿನಲ್ಲಿದ್ದರೆ ಸಾಮಾನ್ಯವಾಗಿ ಒಂದು ಸಾಕು. ಕೋಣೆಗೊಂದು ಕರಾರಾದರೆ ತಮ್ಮ ಕೋಣೆಯಲ್ಲಿ ಲೈವ್ ನೋಡುವವರು ತಮ್ಮದು ತಾವು ಕಟ್ಟಬೇಕು. ಹಾಸ್ಟೆಲ್‌ನಲ್ಲಿರುವ ವಿದ್ಯಾರ್ಥಿಗಳಿಗೂ ಹಾಗೇ. ಚಾರ್ಜರ್ ಹಾಕದೆ ಬ್ಯಾಟರಿಯಲ್ಲೇ ನೋಡಿದರೆ ಬೇಡ ಅಂತ ಇಲ್ಲಿನ ಸಹಪಾಠಿಗಳು ಹೇಳುತ್ತಾರೆ. ಅದು ನಿಜವೇ, ಆದರೆ ತಂದೆ ತಾಯಿಯ ಮನೆಗೆ ಲೈಸೆನ್ಸ್ ಇರಬೇಕು. ನಿಮ್ಮ ಮನೆ ಹಾಸನದಲ್ಲಿದ್ದರೆ ಆ ದಾರಿ ಮುಚ್ಚಿದಂತೆ.

ಬೇಡ ಅಂತಾದರೆ ಟಿವಿ ಲೈಸೆನ್ಸಿಂಗ್‌ನ ವೆಬ್‌ಸೈಟಿನಲ್ಲಿ 'ಬೇಕಿಲ್ಲ' ಅಂತ ತಿಳಿಸಿಬಿಡಿ. ಐದು ನಿಮಿಷದ ಕೆಲಸ. ತಿಳಿಸಲೇಬೇಕು ಅಂತ ಕಾನೂನಿಲ್ಲ, ಆದರೆ ತಿಳಿಸದಿದ್ದರೆ ಪತ್ರಗಳು ನಿಲ್ಲುವುದಿಲ್ಲ. ತಿಳಿಸಿದ ಮೇಲೂ ಒಮ್ಮೊಮ್ಮೆ ಮನೆ ಬಾಗಿಲಿಗೆ ಅಧಿಕಾರಿ ಬರಬಹುದು. ಕೋರ್ಟಿನ ವಾರೆಂಟ್ ಇಲ್ಲದೆ ಅವರು ಒಳಗೆ ಬರುವಂತಿಲ್ಲ. ಬಿಡುವುದು, ಬಿಡದಿರುವುದು ನಿಮ್ಮಿಷ್ಟ. ಮಾತು ಮಾತ್ರ ಮರ್ಯಾದೆಯಾಗಿರಲಿ, ಸಹಿ ಹಾಕುವ ಮುಂಚೆ ಓದಿ.

ಬೇಕು ಅಂತಾದರೆ ಕಟ್ಟಿ, ಸುಳ್ಳು ಹೇಳಬೇಡಿ. ಲೈಸೆನ್ಸ್ ಇಲ್ಲದೆ ನೋಡುವುದು ಇಲ್ಲಿ ಕ್ರಿಮಿನಲ್ ಅಪರಾಧ, ದಂಡ 1000 ಪೌಂಡ್ ತನಕ. ವೀಸಾ ಅರ್ಜಿಯಲ್ಲಿ ಹಿಂದೆ ಏನಾದರೂ ಶಿಕ್ಷೆಯಾಗಿದೆಯಾ ಅಂತ ಕೇಳುತ್ತಾರೆ. ಪರದೇಶದಿಂದ ಬಂದ ನಮಗೆ ಆ ತಲೆನೋವು ಯಾಕೆ? ಡೈರೆಕ್ಟ್ ಡೆಬಿಟ್‌ನಲ್ಲಿ ತಿಂಗಳು ತಿಂಗಳು ಕಟ್ಟಬಹುದು. ಮೊದಲ ಲೈಸೆನ್ಸಿನ ಹಣವನ್ನು ಆರೇ ತಿಂಗಳಲ್ಲಿ ಎಳೆದುಕೊಳ್ಳುತ್ತಾರೆ, ಹಾಗಾಗಿ ಶುರುವಿನ ಕಂತು ಎರಡರಷ್ಟಿರುತ್ತದೆ. ಬ್ಯಾಂಕಿನಲ್ಲಿ ನೋಡಿ ಬೆಚ್ಚಬೇಡಿ. ನಿಮ್ಮ ಲೈಸೆನ್ಸ್ ಮುಗಿದಿದೆ, ಈ ಲಿಂಕ್ ಒತ್ತಿ ಅಂತ ಬರುವ ಮೆಸೇಜುಗಳಲ್ಲಿ ಮೋಸದವೂ ಇವೆ. ಲಿಂಕ್ ಒತ್ತದೆ ನೀವೇ ವೆಬ್‌ಸೈಟಿಗೆ ಹೋಗಿ.

ಮನೆ ಬದಲಿಸಿದರೆ ಲೈಸೆನ್ಸ್ ತಾನಾಗಿ ನಿಮ್ಮ ಹಿಂದೆ ಬರುವುದಿಲ್ಲ. ನಾನು ಒಮ್ಮೆ ಮರೆತೆ. ದುಡ್ಡು ಹಳೆಯ ವಿಳಾಸದ ಹೆಸರಿನಲ್ಲಿ ಹೋಗುತ್ತಲೇ ಇತ್ತು, ಹೊಸ ಮನೆಗೆ ಮತ್ತೆ ಅದೇ 'ಲೀಗಲ್ ಆಕ್ಯುಪೈಯರ್' ಪತ್ರ. ಊರಿಗೆ ವಾಪಸ್ ಹೋಗುವವರು, ಅಪ್ಪ ಅಮ್ಮನನ್ನು ಕಳಿಸಿಕೊಟ್ಟು ಲೈವ್ ನಿಲ್ಲಿಸಿದವರು, ಲೈಸೆನ್ಸಿನಲ್ಲಿ ಕನಿಷ್ಠ ಒಂದು ಪೂರ್ತಿ ತಿಂಗಳು ಉಳಿದಿದ್ದರೆ ಉಳಿದ ಹಣ ವಾಪಸ್ ಕೇಳಬಹುದು. ಅತ್ತೆ ಮಾವ ವಿಮಾನ ಹತ್ತಿದ ವಾರವೇ ನಾವು ಅರ್ಜಿ ಹಾಕಿದೆವು. ಅವರಿಗೆ ಹೇಳಿಲ್ಲ.