ಹಳೆಯ ಸೈನ್ಯ, ಹೊಸ ನಿಯಮ: ‘ಸಾಗಾ’ ಎರಡನೇ ಆವೃತ್ತಿ ಆಡಿ ನೋಡುವುದು ಹೇಗೆ?

ಕಿರುಬೆರಳಿಗಿಂತ ಚಿಕ್ಕ ವೈಕಿಂಗ್ ಬೊಂಬೆಗಳಿಗೆ ಬಣ್ಣ ಬಳಿದು ಮೇಜಿನ ಮೇಲೆ ಯುದ್ಧ ಆಡುವವರಿಗೆ ‘ಸಾಗಾ’ ಹೊಸದಲ್ಲ. ಫ್ರಾನ್ಸಿನ ಸ್ಟುಡಿಯೊ ಟೊಮಾಹಾಕ್ 2011ರಲ್ಲಿ ತಂದ ಆಟ ಇದು. 2018ರಲ್ಲಿ ಎರಡನೇ ಆವೃತ್ತಿ ಬಂತು. ಮೂಲ ನಿಯಮಗಳಿಗೆ ಒಂದು ಪುಸ್ತಕ, ವೈಕಿಂಗರ ಕಾಲದ ಸೈನ್ಯಗಳಿಗೆ ಬೇರೆಯೇ ಪುಸ್ತಕ. ಬೊಂಬೆಗಳು ಹಳೆಯವೇ ಸಾಕು. ಬ್ಯಾಟಲ್ ಬೋರ್ಡ್, ಅಂದರೆ ದಾಳ ಇಡುವ ಮನೆಗಳೂ ಸೈನ್ಯದ ವಿಶೇಷ ಶಕ್ತಿಗಳೂ ಇರುವ ಹಾಳೆ, ಮಾತ್ರ ಹೊಸದೇ ಇರಲಿ. ಹಳೆಯ ಬೋರ್ಡನ್ನೇ ಹೊಂದಿಸಿಕೊಳ್ಳಲು ಹೋದರೆ ಅರ್ಧ ಸಂಜೆ ವಾದದಲ್ಲೇ ಕಳೆಯುತ್ತದೆ.

ಮೊದಲು ಸೈನ್ಯ ಸಣ್ಣದು ಮಾಡಿ. ಸಾಮಾನ್ಯವಾಗಿ 6 ಪಾಯಿಂಟ್ ಆಡುತ್ತಾರೆ, ಕಲಿಯಲು 4 ಸಾಕು. ಒಂದು ಪಾಯಿಂಟಿಗೆ 4 ಹಾರ್ತ್‌ಗಾರ್ಡ್, ಇಲ್ಲವೇ 8 ವಾರಿಯರ್, ಇಲ್ಲವೇ 12 ಲೆವಿ. ಸೈನ್ಯದ ಒಡೆಯ ವಾರ್‌ಲಾರ್ಡ್ ಪುಕ್ಕಟೆ. ಹಾರ್ತ್‌ಗಾರ್ಡ್ ಎಂದರೆ ಒಡೆಯನ ಪಕ್ಕದಲ್ಲೇ ಉಂಡು ಬೆಳೆದ ಪಳಗಿದ ಭಟರು. ವಾರಿಯರ್ ಎಂದರೆ ಸಾಮಾನ್ಯ ಯೋಧರು. ಲೆವಿ ಎಂದರೆ ಹೊಲ ಬಿಟ್ಟು ಬಂದವರು. ಒಂದು ಕಡೆ ಇಂಗ್ಲೆಂಡಿನ ಸ್ಯಾಕ್ಸನ್ನರು, ಇನ್ನೊಂದು ಕಡೆ ವೈಕಿಂಗರು. 991ರಲ್ಲಿ ಎಸೆಕ್ಸಿನ ಮಾಲ್ಡನ್‌ನಲ್ಲಿ ಕಾದಾಡಿದ್ದೂ ಇವರೇ. ಅಲ್ಲಿನ ಉಬ್ಬರದ ನೀರು, ಕಿರಿದಾದ ದಾರಿ ಎಲ್ಲ ಚೆನ್ನಾಗಿರುತ್ತದೆ, ಆದರೆ ಮೊದಲ ಆಟಕ್ಕೆ ಬೇಡ. ಬಯಲೇ ಇರಲಿ.

ಅಂಕಿಯ ಬದಲು ಚಿಹ್ನೆಗಳಿರುವ ಸಾಗಾ ದಾಳ ಇಲ್ಲವೇ? ಲೂಡೋ ದಾಳವೇ ನಡೆಯುತ್ತದೆ. 1ರಿಂದ 3 ಬಿದ್ದರೆ ಸಾಮಾನ್ಯ ಚಿಹ್ನೆ, 4 ಅಥವಾ 5 ಬಿದ್ದರೆ ಎರಡನೆಯದು, 6 ಬಿದ್ದರೆ ಅಪರೂಪದ್ದು. ಬಿದ್ದ ದಾಳಗಳನ್ನು ಬೋರ್ಡಿನ ಮನೆಗಳಲ್ಲಿ ಇಟ್ಟು ದಳಗಳನ್ನು ನಡೆಸಬೇಕು, ವಿಶೇಷ ಶಕ್ತಿಗಳನ್ನು ಬಳಸಬೇಕು. ಬೋರ್ಡ್ ಪೂರ್ತಿ ಓದಿ ಬಾಯಿಪಾಠ ಮಾಡಬೇಡಿ. ಎರಡೇ ಎರಡು ಶಕ್ತಿ ಆರಿಸಿಕೊಳ್ಳಿ, ಉಳಿದವು ಇಲ್ಲ ಅಂದುಕೊಳ್ಳಿ.

ಇನ್ನು ಈ ಆಟದ ಜೀವಾಳ: ದಣಿವು. ಹೊಸಬರು ಸುಮ್ನೆ ಲೆಕ್ಕವಷ್ಟೇ ಅಂದುಕೊಂಡು ಮರೆಯುವುದು ಇದನ್ನೇ. ಒಂದೇ ಸರದಿಯಲ್ಲಿ ಒಂದು ದಳವನ್ನು ಎರಡನೇ ಸಲ ನಡೆಸಿದರೆ ದಣಿವು, ಕೈ ಕೈ ಮಿಲಾಯಿಸಿದರೂ ದಣಿವು. ಪ್ರತಿ ದಣಿವಿಗೆ ದಳದ ಪಕ್ಕ ಒಂದು ಹುಣಸೆಬೀಜ ಇಡಿ. ಆ ಬೀಜ ನಿಮ್ಮ ಮಗ್ಗುಲಲ್ಲಿದ್ದರೂ ಖರ್ಚು ಮಾಡುವವನು ಎದುರಾಳಿ! ನಿಮ್ಮ ನಡಿಗೆ ತಗ್ಗಿಸಬಹುದು, ಕಾದಾಟದಲ್ಲಿ ತನ್ನ ರಕ್ಷಣೆ ಏರಿಸಿಕೊಳ್ಳಬಹುದು.

ಲೆಕ್ಕ ನೋಡಿ. ನಿಮ್ಮ 8 ವಾರಿಯರ್‌ಗಳು ಅವರ 8 ವಾರಿಯರ್‌ಗಳ ಮೇಲೆ ಬಿದ್ದರು. ತಲೆಗೊಂದರಂತೆ 8 ದಾಳ. ಎದುರಾಳಿಯ ರಕ್ಷಣೆ 4. ಅಂದರೆ 4, 5, 6 ಬಿದ್ದರೆ ಏಟು, ಸರಾಸರಿ 4 ಏಟು. ಅವನು ನಿಮ್ಮ ಒಂದು ಬೀಜ ತೆಗೆದು ರಕ್ಷಣೆಯನ್ನು 5 ಮಾಡಿಕೊಂಡ. ಈಗ ಸರಾಸರಿ 3 ಏಟೂ ಇಲ್ಲ. ಅದರಲ್ಲೂ 5 ಅಥವಾ 6 ಹಾಕಿದಾಗಲೆಲ್ಲ ಒಂದೊಂದು ಏಟು ತಪ್ಪಿಸಿಕೊಳ್ಳುತ್ತಾನೆ. ಆತುರದಲ್ಲಿ ಎರಡು ಸಲ ಓಡಿಸಿದ್ದಕ್ಕೆ ಬೆಲೆ ಇದು. ದಣಿದ ದಳಕ್ಕೆ ವಿಶ್ರಾಂತಿ ಕೊಡಬಹುದು, ಆದರೆ ಆ ಸರದಿಯಲ್ಲಿ ಅದರ ಮೊದಲ ಕೆಲಸ ಅದೇ ಆಗಿರಬೇಕು.

ಎರಡನೇ ಆವೃತ್ತಿಯಲ್ಲಿ ಸ್ಯಾಕ್ಸನ್ ಆಡುವವರು ಮೊದಲೇ ಕಲಿಯಬೇಕಾದದ್ದು ಸಾಲು ಬಿಗಿ ಮಾಡುವುದು. ಕಾಲಾಳುಗಳು ತಮ್ಮ ಅರ್ಧ ದಾಳ ಬಿಟ್ಟುಕೊಟ್ಟರೆ 4 ಬಿದ್ದರೂ ಏಟು ತಪ್ಪುತ್ತದೆ. ಗುರಾಣಿ ಗೋಡೆ ಅಂದರೆ ಇದೇ ಅಲ್ವಾ? ನನಗೆ ಈ ಆವೃತ್ತಿ ಹಿಡಿಸಿದ್ದು ಇಂಥ ಸರಳತೆಗೇ.

ನಡುವೆ ಜಗಳ ಬಂದರೆ ದಾಳ ಹಾಕಿ ತೀರ್ಮಾನಿಸಿ, ಚೀಟಿಯಲ್ಲಿ ಬರೆದಿಡಿ, ಪುಸ್ತಕ ಆಮೇಲೆ ತೆಗೆಯಿರಿ. ಆಟ ಮುಗಿದ ಮೇಲೆ ಸೈನ್ಯ ಅದಲುಬದಲು ಮಾಡಿಕೊಂಡು ಇನ್ನೊಂದು ಆಟ ಆಡಿ. ಸೋತದ್ದು ನಿಯಮದಿಂದಲೋ ಕೈಗುಣದಿಂದಲೋ ಆಗ ಗೊತ್ತಾಗುತ್ತದೆ. ನಂತರ 6 ಪಾಯಿಂಟಿಗೆ ಏರಿ. ಫ್ರಾನ್ಸಿನ ನಾರ್ಮಂಡಿಯ ನಾರ್ಮನ್ ಸೈನ್ಯದ ಕುದುರೆಗಳನ್ನು ಕೊನೆಗೆ ಇಳಿಸಿ. ಕಾಲಾಳು 6 ಇಂಚು ನಡೆದರೆ ಅವು 12 ಇಂಚು ಹಾರುತ್ತವೆ, ಹುಣಸೆಬೀಜ ಜಾಸ್ತಿ ಬೇಕಾಗುತ್ತದೆ.