ಎರಡು ಉತ್ತರ, ಒಂದೇ ರೋಹಿತ

ರೋಹಿತದಿಂದ, ಅಂದರೆ ತುದಿಗಳಲ್ಲಿ ಹಾಕಿದ ಗಡಿ ಷರತ್ತುಗಳನ್ನು ಪಾಲಿಸುವ ಸೊನ್ನೆಯಲ್ಲದ ಪರಿಹಾರ ಅವಕಲ ಸಮೀಕರಣಕ್ಕೆ ಸಿಗುವಂಥ λ ಸಂಖ್ಯೆಗಳ (ಐಗೆನ್ ಮೌಲ್ಯಗಳ) ಪಟ್ಟಿಯಿಂದ, ವಿಭವವನ್ನು, ಅಂದರೆ ಸಮೀಕರಣದೊಳಗಿನ ಅಜ್ಞಾತ ಫಲನವನ್ನು, ಮರಳಿ ಪಡೆಯುವ ಕೆಲಸ ಒಂದೇ ಸಮೀಕರಣವಿರುವಾಗ ಅಷ್ಟು ಗೊಂದಲದ್ದಲ್ಲ. ಇಂಥ ಒಂಟಿ ಸಮೀಕರಣವಾದ ಸ್ಟರ್ಮ್–ಲ್ಯೂವಿಲ್ ಸಮೀಕರಣದಲ್ಲಿ ಒಂದು ತುದಿಯ ಗಡಿ ಷರತ್ತನ್ನು ಬದಲಿಸಿ ಎರಡು ರೋಹಿತಗಳನ್ನು ಪಡೆದರೆ ವಿಭವ ಅನನ್ಯವಾಗಿ ನಿರ್ಧಾರವಾಗುತ್ತದೆ ಎಂದು ಗಣಿತಜ್ಞ ಬೋರ್ಗ್ 1946ರಲ್ಲೇ ತೋರಿಸಿದ್ದರು. ಆ ಧೈರ್ಯದ ಮೇಲೆ ನಾನು ಒಂದಕ್ಕೊಂದು ಹೆಣೆದ ಎರಡು ಸಮೀಕರಣಗಳ ಡಿರಾಕ್ ವ್ಯವಸ್ಥೆಗೆ ಕೈಹಾಕಿದೆ. 0ಯಿಂದ π ವರೆಗಿನ ಅಂತರ. ಒಳಗೆ ವಿಭವದ ಸ್ಥಾನದಲ್ಲಿ 2×2 ಸಮಮಿತ ಮಾತೃಕೆ, ಅಂದರೆ ಮೂರು ಅಜ್ಞಾತ ಫಲನಗಳು.

ವಿಧಾನ ಸರಳ: ಒಂದು ಮಾತೃಕೆಯನ್ನು ಊಹಿಸುವುದು, ಐಗೆನ್ ಮೌಲ್ಯಗಳನ್ನು ಲೆಕ್ಕ ಹಾಕುವುದು, ದತ್ತಾಂಶದೊಂದಿಗೆ ಹೋಲಿಸಿ ತಿದ್ದುವುದು. ಮೊದಲ ಊಹೆಯನ್ನು ಬದಲಿಸಿದಾಗಲೆಲ್ಲ ಬೇರೆಯದೇ ಮಾತೃಕೆ ಬಂತು. ಆದರೆ ಐಗೆನ್ ಮೌಲ್ಯಗಳು ಎಂಟು ದಶಾಂಶ ಸ್ಥಾನಗಳವರೆಗೆ ತಾಳೆಯಾಗುತ್ತಿದ್ದವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಮೂರು ವಾರ ಪ್ರೋಗ್ರಾಮನ್ನೇ ದೂರಿದೆ.

ಕೊನೆಗೆ ಕಂಪ್ಯೂಟರನ್ನು ಬದಿಗಿಟ್ಟು ಕಾಗದ ತೆಗೆದುಕೊಂಡೆ. ಮಾತೃಕೆಯ ಕರ್ಣದ ಎರಡೂ ಸ್ಥಾನಗಳಲ್ಲಿ cos x, ಉಳಿದೆಡೆ ಸೊನ್ನೆ ಇಟ್ಟೆ. ಪರಿಹಾರ ಬರಿಯ ತಿರುಗುವ ಸದಿಶ. ಅದು ತಿರುಗಿದ ಕೋನ λx − sin x. x = π ಆದಾಗ sin x ಮಾಯವಾಗಿ λπ ಮಾತ್ರ ಉಳಿಯಿತು. ಮೊದಲ ಘಟಕ ಎರಡೂ ತುದಿಗಳಲ್ಲಿ ಸೊನ್ನೆಯಾಗಬೇಕೆಂದರೆ λ ಪೂರ್ಣಾಂಕ; ಬಲತುದಿಯಲ್ಲಿ ಎರಡನೆಯ ಘಟಕ ಸೊನ್ನೆಯಾಗಬೇಕೆಂದರೆ ಪೂರ್ಣಾಂಕಕ್ಕೆ ಅರ್ಧ ಕೂಡಿಸಿದ ಸಂಖ್ಯೆ. ವಿಭವವೇ ಇಲ್ಲದಿದ್ದರೂ ಇವೇ ಎರಡು ಪಟ್ಟಿಗಳು! ನನ್ನ ಪ್ರೋಗ್ರಾಮು ಸುಳ್ಳು ಹೇಳಿರಲಿಲ್ಲ, ನಾನು ಕೇಳಿದ ಪ್ರಶ್ನೆಗೇ ಹಲವು ಉತ್ತರಗಳಿದ್ದವು.

x ಜೊತೆ ಬದಲಾಗುವ ಸೂಕ್ತ ಕೋನದಲ್ಲಿ ಅಕ್ಷಗಳನ್ನು ತಿರುಗಿಸಿದರೆ ಕರ್ಣದ ಮೊತ್ತವನ್ನು ಸೊನ್ನೆ ಮಾಡಬಹುದು. ಆ ಮೊತ್ತದ ಅನುಕಲವೂ ಸೊನ್ನೆಯಾಗಿದ್ದರೆ ಗಡಿ ಷರತ್ತುಗಳು ಅಲುಗುವುದಿಲ್ಲ, ಹಾಗಾಗಿ ರೋಹಿತಕ್ಕೆ ಇದರ ಸುಳಿವೇ ಸಿಗದು. ಮೊತ್ತ ಸೊನ್ನೆಯೆಂದು ಮೊದಲೇ ಕಟ್ಟುಹಾಕಿದೆ. ಅಜ್ಞಾತಗಳು ಎರಡಕ್ಕಿಳಿದವು, ಯಾವ ಊಹೆಯಿಂದ ಹೊರಟರೂ ಉತ್ತರ ಒಂದೇ ಆಯಿತು.

ಇನ್ನೊಂದು ಎಡವಟ್ಟನ್ನೂ ಹೇಳಿಬಿಡುತ್ತೇನೆ. ಡಿರಾಕ್ ರೋಹಿತ ಋಣ, ಧನ ಎರಡೂ ಕಡೆಗೆ ಹರಡುತ್ತದೆ. ನಡುವೆ ಒಂದು ಮೌಲ್ಯ ತಪ್ಪಿಹೋದರೆ ಅಲ್ಲಿಂದಾಚೆಯ ಕ್ರಮಸಂಖ್ಯೆಗಳೆಲ್ಲ ಜರುಗಿ, ಇಲ್ಲದ ವಿಭವ ಹುಟ್ಟಿಕೊಳ್ಳುತ್ತದೆ. λ ಹೆಚ್ಚಿದಂತೆ ಬಲತುದಿಯ ಕೋನ ಏರುತ್ತಲೇ ಹೋಗುವುದರಿಂದ, ಅದು πಯ ಎಷ್ಟು ಅಪವರ್ತ್ಯಗಳನ್ನು ದಾಟಿತೆಂದು ಎಣಿಸಿ ಈಗ ಪಟ್ಟಿಯನ್ನು ಪರೀಕ್ಷಿಸುತ್ತೇನೆ.