ಮುಖ ನೋಡಿ ಮಣೆ ಹಾಕುತ್ತಿದ್ದ ನಾನು, ಗ್ಲಿಗೋರಿಚ್ ಮತ್ತು ಒಂದು ಒಂಟೆ

ಆ ಹುಡುಗನ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ ನಡೆದ ಒಂದು ಚೆಸ್ ರೇಟಿಂಗ್ ಟೂರ್ನಿ ಅದು. ಚಿಕ್ಕ ಹುಡುಗ ಅಲ್ವಾ ಅಂತ ನಾನು ಪಟಪಟ ಆಡಿದೆ. ಇಪ್ಪತ್ತಾರನೇ ನಡೆಗೆ ನನ್ನ ರಾಣಿ ಹೋಯಿತು. ಮುಂದಿನ ಸುತ್ತಿನಲ್ಲಿ ನನಗಿಂತ ರೇಟಿಂಗ್ ಜಾಸ್ತಿ ಇದ್ದವರು ಸಿಕ್ಕರು. ನನ್ನ ಆಟ ಚೆನ್ನಾಗೇ ಇತ್ತು, ಆದರೂ ಹೆದರಿ ಡ್ರಾ ಕೇಳಿದೆ. ಅವರು ಒಪ್ಪಲಿಲ್ಲ. ಅದನ್ನೂ ಸೋತೆ.

ನಮ್ಮ ಕ್ಲಬ್ಬಿನ ಹಿರಿಯರೊಬ್ಬರು ಎರಡೂ ಆಟ ನೋಡಿ, "ನೀವು ಮುಖ ನೋಡಿ ಆಡ್ತೀರಿ ಸಾರ್. ಗ್ಲಿಗೋರಿಚ್ ಆಟ ನೋಡಿ" ಅಂದರು. ಯುಗೊಸ್ಲಾವಿಯಾದ ಆ ಆಟಗಾರ ಗ್ಲಿಗೋರಿಚ್ ಬರೆದ ಪುಸ್ತಕದ ಹೆಸರೇ 'ನಾನು ಕಾಯಿಗಳ ವಿರುದ್ಧ ಆಡುತ್ತೇನೆ' ಎಂಬ ಅರ್ಥದ್ದು ಅಂತಲೂ ಹೇಳಿದರು.

ಅಲ್ಲಿಯವರೆಗೆ ಸ್ವೆಟೋಜಾರ್ ಗ್ಲಿಗೋರಿಚ್ ನನಗೆ ಬರೀ ಹೆಸರಾಗಿದ್ದರು. ಹುಟ್ಟಿದ್ದು 1923ರಲ್ಲಿ, ಬೆಲ್‌ಗ್ರೇಡ್‌ನ ಬಡ ಮನೆಯಲ್ಲಿ. ತಂದೆ ಇರಲಿಲ್ಲ. ತಾಯಿ ಮನೆಯಲ್ಲಿ ಬಾಡಿಗೆಗೆ ಇಟ್ಟುಕೊಂಡಿದ್ದ ಒಬ್ಬರು ಹನ್ನೊಂದನೇ ವಯಸ್ಸಿನಲ್ಲಿ ಆಟ ಕಲಿಸಿದರು. ಕಾಯಿ ಕೊಳ್ಳಲು ದುಡ್ಡಿಲ್ಲ, ಹಾಗಾಗಿ ವೈನ್ ಬಾಟಲಿಯ ಬಿರಡೆಗಳನ್ನೇ ಕೆತ್ತಿ ಕಾಯಿ ಮಾಡಿಕೊಂಡರು. ಎರಡನೇ ಮಹಾಯುದ್ಧದಲ್ಲಿ ನಾಜಿಗಳ ವಿರುದ್ಧದ ಪಾರ್ಟಿಸಾನ್ ಎಂಬ ಗೆರಿಲ್ಲಾ ಪಡೆ ಸೇರಿ ಹೋರಾಡಿದರು. 1951ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದರು, ಯುಗೊಸ್ಲಾವಿಯಾದ ಚಾಂಪಿಯನ್ ಪಟ್ಟವನ್ನು 12 ಸಲ ಗೆದ್ದರು. ಚೆಸ್‌ನಲ್ಲಿ ಸೋವಿಯತ್ ಒಕ್ಕೂಟ ಬಿಟ್ಟರೆ ಯುಗೊಸ್ಲಾವಿಯಾ ಎನ್ನುವ ಕಾಲದಲ್ಲಿ! ವಿಶ್ವ ಪಟ್ಟದ ಪಂದ್ಯ ಆಡುವ ಯೋಗ ಮಾತ್ರ ಕೂಡಿಬರಲಿಲ್ಲ. 1968ರಲ್ಲಿ, ಅದಕ್ಕೆ ಅರ್ಹತೆ ಪಡೆಯುವ ಸುತ್ತಿನಲ್ಲಿ, ಮಾಜಿ ವಿಶ್ವ ಚಾಂಪಿಯನ್ ಮಿಖಾಯಿಲ್ ತಾಲ್ ಅಡ್ಡ ಬಂದರು.

ನಾನು ಮಾಡಿದ್ದು ಇಷ್ಟೇ. ಅವರ ಆಟಗಳಲ್ಲಿ ಅವರು ಕಪ್ಪು ಕಾಯಿಯಲ್ಲಿ ಕಿಂಗ್ಸ್ ಇಂಡಿಯನ್ ಎಂಬ ಓಪನಿಂಗ್ (ಆಟದ ಆರಂಭದ ನಡೆಗಳ ಕ್ರಮ) ಆಡಿದ್ದನ್ನು ಮಾತ್ರ ಆರಿಸಿ ಪ್ರಿಂಟ್ ತೆಗೆದೆ. ಬೆಳಗ್ಗೆ ಆಫೀಸಿಗೆ ಹೋಗುವ ಮುಂಚೆ ಅರ್ಧ ಗಂಟೆ ಕೂರುತ್ತಿದ್ದೆ. ಹಳೇ ಮದುವೆ ಕಾರ್ಡಿನಿಂದ ಮುಂದಿನ ನಡೆ ಮುಚ್ಚಿ, ನನ್ನ ನಡೆಯನ್ನು ನೋಟ್‌ಬುಕ್ಕಿನಲ್ಲಿ ಬರೆದು, ಆಮೇಲೆ ಕಾರ್ಡು ಸರಿಸುತ್ತಿದ್ದೆ. ಕಂಪ್ಯೂಟರ್ ಮುಟ್ಟುವ ಹಾಗಿಲ್ಲ. ಅದು ಉತ್ತರ ಹೇಳಿಬಿಡುತ್ತದೆ, ಯಾಕೆ ಅಂತ ಹೇಳುವುದಿಲ್ಲ.

1953ರಲ್ಲಿ ಅರ್ಜೆಂಟೀನಾದ ಮಾರ್ ಡೆಲ್ ಪ್ಲಾಟಾದಲ್ಲಿ ಅಲ್ಲಿನ ಗ್ರ್ಯಾಂಡ್‌ಮಾಸ್ಟರ್ ನೈಡಾರ್ಫ್ ವಿರುದ್ಧ ಆಡಿದ ಆಟ ನನ್ನನ್ನು ನಾಲ್ಕು ದಿನ ಹಿಡಿದಿಟ್ಟಿತು. ಆ ಊರಿನ ಹೆಸರೇ ಈ ಓಪನಿಂಗ್‌ನ ಒಂದು ಮುಖ್ಯ ಕವಲಿಗೆ ಅಂಟಿಕೊಂಡಿದೆ. ಬಿಳಿ ಪಡೆ ರಾಣಿಯ ಕಡೆಯಿಂದ ನುಗ್ಗುತ್ತದೆ, ಕಪ್ಪು ಪಡೆ ಬಿಳಿ ರಾಜನ ಮೇಲೆ ಪಾನ್‌ಗಳನ್ನು (ಕಾಲಾಳುಗಳನ್ನು) ಓಡಿಸುತ್ತದೆ. ಎಫ್4 ಆಯಿತು, ಜಿ5 ಆಯಿತು (ಇವು ಮಣೆಯ ಮನೆಗಳ ಹೆಸರು: ಅಕ್ಷರ ಉದ್ದ ಸಾಲಿಗೆ, ಅಂಕಿ ಅಡ್ಡ ಸಾಲಿಗೆ). ಇನ್ನೇನು, ಜಿ4 ತಳ್ಳಿದರೆ ಆಯಿತಲ್ಲ ಅಂತ ಬರೆದುಕೊಂಡು ಕಾರ್ಡು ಸರಿಸಿದೆ. ಹದಿನೈದನೇ ನಡೆಯಲ್ಲಿ ಗ್ಲಿಗೋರಿಚ್ ಆನೆಯನ್ನು (ರೂಕ್) ಎಫ್7ಕ್ಕೆ ತಂದಿದ್ದರು. ಹದಿನಾರನೆಯದರಲ್ಲಿ ಒಂಟೆಯನ್ನು (ಬಿಷಪ್) ಜಿ7ರಿಂದ ಎಫ್8ಕ್ಕೆ ವಾಪಸ್! ದಾಳಿ ಮಾಡುವವನು ಹಿಂದೆ ಹೋಗೋದಾ?

ಎರಡು ದಿನ ಸುಮ್ನೆ ಆ ಸ್ಥಿತಿಯನ್ನೇ ನೋಡುತ್ತಾ ಕೂತೆ. ಆಮೇಲೆ ಹೊಳೆಯಿತು. ಬಿಳಿ ಹೊಡೆಯಲು ಹೊರಟಿರುವುದು ಡಿ6ರ ಪಾನ್‌ಗೆ. ಎಫ್8ರ ಒಂಟೆ ಅದನ್ನು ಕಾಯುತ್ತದೆ. ಎಫ್7ರ ಆನೆ ಏಳನೇ ಸಾಲನ್ನು ಅಡ್ಡಲಾಗಿ ನೋಡಿಕೊಳ್ಳುತ್ತದೆ. ಒಂಟೆ ಬಿಟ್ಟ ಜಿ7ಕ್ಕೆ ಮುಂದೆ ಅದೇ ಆನೆ ಬರಬಹುದು. ಎರಡು ನಡೆಯಲ್ಲಿ ಮೂರು ಕೆಲಸ. ಇಷ್ಟಾದ ಮೇಲೆಯೇ ಜಿ4, ನಂತರ ಜಿ3ಕ್ಕೆ ಪಾನ್ ಬಲಿ. ಅದನ್ನು ತಿಂದ ಬಿಳಿ ಒಂಟೆ ಎಚ್2ಕ್ಕೆ ಹೋಗಿ ಮೂಲೆ ಸೇರಿತು. ನೈಡಾರ್ಫ್ ಕೊನೆಗೆ ಸೋತರು.

ಜಿ4 ಬೇಗ ತಳ್ಳುವುದು ನನ್ನ ಚಾಳಿ. ನೋಟ್‌ಬುಕ್ಕಿನಲ್ಲಿ ನನ್ನ ಊಹೆಗಳ ಪಕ್ಕ 'ಆತುರ' ಅಂತ ಎಷ್ಟು ಕಡೆ ಬರೆದಿದ್ದೇನೆಂದರೆ, ಮಗಳು ಅದನ್ನೇ ಪುಸ್ತಕದ ಹೆಸರು ಅಂದುಕೊಂಡಿದ್ದಳು.

ಗ್ಲಿಗೋರಿಚ್ ಎಂಬ ಮನುಷ್ಯನ ಬಗ್ಗೆಯೂ ಒಂದೆರಡು ಮಾತು. 1984ರಲ್ಲಿ ಮಾಸ್ಕೋದಲ್ಲಿ ಶುರುವಾದ ಕಾರ್ಪೋವ್–ಕಾಸ್ಪರೋವ್ ವಿಶ್ವ ಪಟ್ಟದ ಪಂದ್ಯಕ್ಕೆ ಅವರೇ ಮುಖ್ಯ ತೀರ್ಪುಗಾರ. 48 ಆಟಗಳಾದರೂ ಮುಗಿಯದೆ ನಿಂತ ಪಂದ್ಯ ಅದು. ಕಣ್ಣು ಮುಚ್ಚಿದ್ದು 2012ರಲ್ಲಿ. ಅದರ ಹಿಂದಿನ ವರ್ಷ, ಎಂಬತ್ತೆಂಟರ ವಯಸ್ಸಿನಲ್ಲಿ, ತಾವೇ ಸಂಗೀತ ರಚಿಸಿ ಆಲ್ಬಂ ತಂದಿದ್ದರು. ನಲವತ್ತೊಂದಕ್ಕೇ ಮರೆವು ಬಂತು ಅಂತ ಗೊಣಗುವ ನನಗೆ ಇದನ್ನು ಓದಿ ನಾಚಿಕೆಯಾಯಿತು.

ಒಂದು ವರ್ಷ ಬಿಟ್ಟು ಮತ್ತೆ ಟೂರ್ನಿಗೆ ಹೋದೆ. ಎದುರಿಗೆ ಹನ್ನೆರಡರ ಹುಡುಗಿ. ಈ ಸಲ ಕುರ್ಚಿಯಲ್ಲಿ ಕೂತ ಕೂಡಲೇ ಕಣ್ಣನ್ನು ಮಣೆಯಿಂದ ಮೇಲೆತ್ತುವುದಿಲ್ಲ ಅಂತ ಶಪಥ ಮಾಡಿದ್ದೆ. ನೋಟ್‌ಬುಕ್ಕಿನ ಸ್ಥಿತಿಯಂಥದ್ದೇ ಬಂತು. ಆನೆ ಎಫ್7, ಒಂಟೆ ಎಫ್8, ಆಮೇಲೆ ಜಿ4. ಗೆಲ್ಲುವ ಆಟವೇ. ಆದರೆ ಗಡಿಯಾರದಲ್ಲಿ ನಾಲ್ಕು ನಿಮಿಷ ಉಳಿದಾಗ ರಾಜನನ್ನು ತಪ್ಪು ಮನೆಗೆ ಇಟ್ಟೆ. ಅವಳು ಚೆಕ್ ಮೇಲೆ ಚೆಕ್ ಕೊಟ್ಟು ಡ್ರಾ ಮಾಡಿಕೊಂಡಳು.

ಕೈ ಕುಲುಕಿದ ಮೇಲೆ ಅವಳು ಕೇಳಿದಳು: "ಅಂಕಲ್, ನಿಮ್ಮ ಒಂಟೆ ಯಾಕೆ ವಾಪಸ್ ಹೋಯ್ತು?"

ಹೊರಗಿನ ಮೆಟ್ಟಿಲ ಮೇಲೆ ಬೋರ್ಡು ಹರಡಿ ನೈಡಾರ್ಫ್ ಆಟ ತೋರಿಸಿದೆ. ಎಫ್8ರಲ್ಲಿದ್ದ ಒಂಟೆ ಇ7ಕ್ಕೆ, ಅಲ್ಲಿಂದ ಜಿ5ಕ್ಕೆ ಬಂತು. ಇಪ್ಪತ್ತೈದನೇ ನಡೆ ನಾನು ಹೇಳುವ ಮೊದಲೇ ಅವಳು ಅದನ್ನೆತ್ತಿ ಇ3ರಲ್ಲಿ ಇಟ್ಟು "ಚೆಕ್" ಅಂದಳು. ಅಷ್ಟರಲ್ಲಿ ಅವಳ ಅಮ್ಮ ಊಟಕ್ಕೆ ಕರೆದರು.